ಹಡಗು ಕಂಪನಿಯ ಪಾಯಸ

ನಾನು ಓದಿದ್ದು ಹೈಸ್ಕೂಲಿನವರೆಗೆ. ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತು ನಿಂತು ನಿವೃತ್ತನಾದೆ. ಸಮುದ್ರವನ್ನು ಜೀವಮಾನದಲ್ಲಿ ಒಂದೇ ಸಲ ನೋಡಿದ್ದೇನೆ. ಕಾರ್ಖಾನೆಯ ಪ್ರವಾಸದಲ್ಲಿ ಹೋಗಿ, ಪ್ಯಾಂಟು ಮಡಚಿಕೊಂಡು ಪಾದ ನೆನೆಸಿ, ಚಪ್ಪಲಿ ಎಲ್ಲಿ ಕಳುವಾಗುತ್ತದೋ ಎಂದು ಬೇಗ ವಾಪಸ್ ಬಂದೆ. ಇಂಥ ನಾನು ಒಂದು ಹಡಗು ಕಂಪನಿ ತೇಲುತ್ತದೋ ಮುಳುಗುತ್ತದೋ ಎಂದು ಭವಿಷ್ಯ ಹೇಳಿದೆ. ಕೇಳಿದವರು ನಂಬಿದರು. ಅವರು ನಂಬುವುದನ್ನು ನಾನು ಸುಮ್ಮನೆ ಕೂತು ನೋಡಿದೆ. ಅದನ್ನೇ ಇಲ್ಲಿ ಒಪ್ಪಿಕೊಳ್ಳಲು ಹೊರಟಿದ್ದೇನೆ.

ವಿದ್ಯಾರಣ್ಯಪುರದ ನಮ್ಮ ಪಾರ್ಕಿನಲ್ಲಿ ಹೊಂಗೆ ಮರದ ಕೆಳಗೊಂದು ಕಲ್ಲು ಬೆಂಚಿದೆ. ಬೆಳಿಗ್ಗೆ ಅಲ್ಲಿ ಮೂರು ಜನ ಸೇರುತ್ತಿದ್ದೆವು. ಒಬ್ಬರು ನಮ್ಮ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದವರು, ಬಿ.ಕಾಂ. ಮಾಡಿದವರು. ಅವರನ್ನು ನಾವು ಇವತ್ತಿಗೂ ಸಾರ್ ಎಂದೇ ಕರೆಯುತ್ತೇವೆ. ಇನ್ನೊಬ್ಬ ನನ್ನ ಪಕ್ಕದ ಮೆಷಿನ್‌ನಲ್ಲಿದ್ದ ಗೆಳೆಯ, ಬಾಯಿಗೆ ಬೀಗವಿಲ್ಲದ ಮನುಷ್ಯ. ಅವನ ಎರಡೂ ಮೊಣಕಾಲು ಸವೆದುಹೋಗಿದ್ದವು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು, ಏಡಿಯಂತೆ ಅಡ್ಡಡ್ಡ ಇಳಿಯುತ್ತಿದ್ದ. ಡಾಕ್ಟರು ಹೆಚ್ಚು ನೋಯುವ ಬಲಗಾಲಿಗೆ ಮೊದಲು ಆಪರೇಷನ್ ಮಾಡಿಸಿ ಎಂದಿದ್ದರು. ಅದಕ್ಕೆಂದು ಅವನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿದ್ದ ಹಣಕ್ಕೆ ನಮ್ಮ ಬೆಂಚಿನಲ್ಲಿ ಮೊಣಕಾಲು ದುಡ್ಡು ಎಂದೇ ಹೆಸರು.

ಆ ಹಡಗು ಕಂಪನಿಯ ಷೇರನ್ನು ಮೊದಲು ಕೊಂಡವರು ಸಾರ್. ಅವರು ಕೊಂಡರೆಂದು ನಾವಿಬ್ಬರೂ ಸ್ವಲ್ಪ ಸ್ವಲ್ಪ ಕೊಂಡೆವು. ಬಂದರಿಗೆ ಬರುವ ದೊಡ್ಡ ಹಡಗುಗಳನ್ನು ಎಳೆದು, ತಳ್ಳಿ, ಕಟ್ಟೆಗೆ ತಂದು ನಿಲ್ಲಿಸುವ ಪುಟ್ಟ ಹಡಗಿಗೆ ಟಗ್ ಎನ್ನುತ್ತಾರಂತೆ. ಕಂಪನಿಯ ಕಸುಬು ಅದು. ನನ್ನ ಗೆಳೆಯ ಮೊದಲ ದಿನದಿಂದ ಅದನ್ನು ಟಗರು ಎಂದೇ ಕರೆದ. ತಲೆಯಿಂದ ಗುದ್ದುವ ಪ್ರಾಣಿಗೆ ಬೇರೆ ಹೆಸರು ಯಾಕೆ ಎಂಬುದು ಅವನ ವಾದ. ನಾವು ಕೊಂಡ ಮೇಲೆ ಟಗರುಗಳು ಒಂದೊಂದಾಗಿ ಕೆಟ್ಟು ನಿಂತವು, ಷೇರು ಇಳಿಯಿತು. ಸಾರ್ ಬೆಂಚಿಗೆ ಬರುವುದನ್ನು ಒಂದು ವಾರ ಬಿಟ್ಟಿದ್ದರು.

ಆಮೇಲೆ ಒಂದು ಬೆಳಿಗ್ಗೆ ಕೈಯಲ್ಲಿ ಕಾಗದದ ಕಟ್ಟು ಹಿಡಿದು, ಮುಖ ಅರಳಿಸಿಕೊಂಡು ಬಂದರು.

"ಹೊಸ ಆಡಳಿತ ಬಂದಿದೆ ಕಣ್ರೀ. ಟರ್ನ್‌ಅರೌಂಡ್ ಅಂತ ಬರ್ದಿದ್ದಾರೆ."

"ಹಂಗಂದ್ರೆ?" ಎಂದ ಗೆಳೆಯ.

"ಕಂಪನಿ ತಿರುಗ್ಕೊಳ್ಳತ್ತೆ. ನಷ್ಟದ ಕಡೆ ಹೋಗ್ತಿದ್ದಿದ್ದು ಲಾಭದ ಕಡೆ."

"ಸಾರ್, ಅವ್ರ ಆಫೀಸ್ ಇರೋದು ಹೆಬ್ಬಾಳದಲ್ಲಿ ತಾನೆ? ಹೆಬ್ಬಾಳದಲ್ಲಿ ಆಟೋನೇ ತಿರುಗ್ಸಕ್ಕಾಗಲ್ಲ, ಹಡಗು ತಿರುಗ್ಸ್ತಾರಾ?"

ಸಾರ್ ನಗಲಿಲ್ಲ. ಹಳೇ ಷೇರುದಾರರು ಇನ್ನಷ್ಟು ಹಣ ಹಾಕಿದರೆ ಕಂಪನಿ ಅಗ್ಗದ ಬೆಲೆಗೆ ಹೊಸ ಷೇರು ಕೊಡುತ್ತದೆ, ಆ ಹಣದಿಂದ ಟಗ್‌ಗಳನ್ನು ರಿಪೇರಿ ಮಾಡಿಸುತ್ತದೆ, ಅರ್ಜಿ ಹಾಕಲು ಇನ್ನು ಕೆಲವೇ ದಿನ ಇದೆ ಎಂದು ವಿವರಿಸಿದರು. ತಾವು ಹಾಕುವುದಾಗಿಯೂ ಹೇಳಿದರು. ಗೆಳೆಯ ಸುಮ್ಮನಾದ. ಅವನು ಸುಮ್ಮನಾದರೆ ನನಗೆ ಭಯ. ಬಲ ಮೊಣಕಾಲನ್ನು ಅಂಗೈಯಿಂದ ತಿಕ್ಕುತ್ತಾ ಕೇಳಿದ:

"ಮೊಣಕಾಲು ದುಡ್ಡು ಹಾಕಿದ್ರೆ, ಅದು ಎರಡರಷ್ಟಾಗಿ ಬಂದ್ರೆ, ಎರಡೂ ಕಾಲು ಒಟ್ಟಿಗೇ ಮಾಡಿಸ್ಬೋದಲ್ವಾ ಸಾರ್?"

"ಬಂದ್ರೆ," ಎಂದರು ಸಾರ್.

ಆಗ ನಾನು ಬಾಯಿ ಹಾಕಿದೆ. ಕಾಗದದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯುತ್ತಾರೆ, ಕಂಪನಿಯ ಆರೋಗ್ಯ ತಿಳಿಯಬೇಕಾದರೆ ಅದರ ಕ್ಯಾಂಟೀನಿನಲ್ಲಿ ಊಟ ಮಾಡಬೇಕು ಎಂದೆ. ಇದು ತಮಾಷೆಯ ಮಾತಲ್ಲ. ನಮ್ಮ ಕಾರ್ಖಾನೆ ಎರಡು ಸಲ ಕಾಯಿಲೆ ಬಿದ್ದು ಎದ್ದದ್ದನ್ನು ನಾವು ತಟ್ಟೆಯಲ್ಲೇ ಕಂಡವರು. ಕಷ್ಟ ಬರುವಾಗ ಮೊದಲು ಪಾಯಸದ ಗೋಡಂಬಿ ಹೋಗುತ್ತದೆ, ಆಮೇಲೆ ದ್ರಾಕ್ಷಿ, ಆಮೇಲೆ ಪಾಯಸ, ಆಮೇಲೆ ಸಂಬಳ. ಒಳ್ಳೆಯ ಕಾಲ ಬರುವಾಗ ಇದೇ ದಾರಿಯಲ್ಲಿ ಹಿಂದಿರುಗುತ್ತದೆ. ದೆಹಲಿಯಿಂದ ನೆರವಿನ ಹಣ ಬರುವ ಸುದ್ದಿ ಸಾರ್ ಅವರ ವಿಭಾಗಕ್ಕೆ ತಲುಪುವ ಮೊದಲೇ ನಮ್ಮ ಸಾಂಬಾರಿನಲ್ಲಿ ನುಗ್ಗೆಕಾಯಿ ಕಾಣಿಸಿಕೊಂಡಿತ್ತು. ಅದನ್ನು ಸಾರ್ ಕೂಡ ಒಪ್ಪುತ್ತಿದ್ದರು.

"ಹಂಗಾದ್ರೆ ನೀನೇ ಹೋಗಿ ಉಂಡು ಬಾ," ಎಂದ ಗೆಳೆಯ. "ನಿನ್ ನಾಲಿಗೆ ನಂಬ್ತೀನಿ, ನಿನ್ ಬುದ್ಧಿ ನಂಬಲ್ಲ."

ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ. ಕಟ್ಟಡ ಹೆಬ್ಬಾಳದ ಫ್ಲೈಓವರಿಗೆ ಹತ್ತಿರ, ಎಲ್ಲ ಗಾಜು. ಒಳಗೆ ಹಡಗು ಕಂಪನಿಯದು ಒಂದು ಚಿಕ್ಕ ಆಫೀಸು. ಗೋಡೆಯ ಮೇಲೆ ಟಗರಿನ ಫೋಟೋ ಇತ್ತು, ಕೆಂಪು ಬಣ್ಣದ್ದು, ನಿಜಕ್ಕೂ ಗುದ್ದಲು ಬರುವಂತೆಯೇ ಕಾಣುತ್ತಿತ್ತು. ರಿಸೆಪ್ಷನ್‌ನಲ್ಲಿದ್ದ ಹುಡುಗಿಗೆ ನಾನು ಷೇರುದಾರ ಎಂದೆ. ಅವಳು ಎದ್ದು ನಿಂತಳು. ನನಗೆ ಯಾರಾದರೂ ಎದ್ದು ನಿಂತದ್ದು ನಿವೃತ್ತಿಯ ದಿನ ಬಿಟ್ಟರೆ ಅದೇ ಮೊದಲು.

"ಸರ್ ಮೀಟಿಂಗಲ್ಲಿದಾರೆ ಅಂಕಲ್. ಲೇಟಾಗತ್ತೆ. ಊಟದ ಟೈಮಾಯ್ತು, ಮೇಲ್ಗಡೆ ಕ್ಯಾಂಟೀನ್ ಇದೆ ನೋಡಿ."

ದೇವರೇ ದಾರಿ ತೋರಿಸಿದ ಎಂದುಕೊಂಡು ಮೇಲೆ ಹೋದೆ. ಏನು ಹೇಳಲಿ! ಚಪಾತಿ ಮೆತ್ತಗಿತ್ತು. ಬೀನ್ಸ್ ಪಲ್ಯಕ್ಕೆ ಕಾಯಿತುರಿ ಧಾರಾಳವಾಗಿ ಬಿದ್ದಿತ್ತು. ಹಪ್ಪಳ ಮುರಿದಿರಲಿಲ್ಲ. ಕೊನೆಗೆ ಶಾವಿಗೆ ಪಾಯಸ. ಚಮಚದಲ್ಲಿ ಕಲಕಿ ನೋಡಿದೆ: ಗೋಡಂಬಿ ಇತ್ತು, ಇಡೀ ಗೋಡಂಬಿ, ಚೂರಲ್ಲ. ಪರೀಕ್ಷೆ ಸರಿಯಾಗಿ ಆಗಬೇಕೆಂದು ಇನ್ನೊಂದು ಬಟ್ಟಲು ಹಾಕಿಸಿಕೊಂಡೆ.

ಕೈ ತೊಳೆಯುವ ಕಡೆ ಒಬ್ಬ ಯುವಕ ನನ್ನನ್ನೇ ನೋಡುತ್ತಿದ್ದ. ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿತ್ತು.

"ಯಾವ ಡಿಪಾರ್ಟ್‌ಮೆಂಟ್ ಅಂಕಲ್ ನೀವು?"

"ಹಡಗು," ಎಂದೆ ಗತ್ತಿನಿಂದ.

ಅವನು ನಕ್ಕ. "ಹಡಗಿನವ್ರಾ? ಅವ್ರು ಕೆಳಗಡೆ ಅಂಕಲ್. ಮನೆಯಿಂದ ಡಬ್ಬಿ ತರ್ತಾರೆ. ಇದು ನಮ್ ಇನ್ಶೂರೆನ್ಸ್ ಕಂಪನಿ ಕ್ಯಾಂಟೀನು. ಪರ್ವಾಗಿಲ್ಲ ಬಿಡಿ, ಊಟ ಚೆನ್ನಾಗಿತ್ತಾ?"

ಚೆನ್ನಾಗಿತ್ತು ಎಂದೆ. ಬೇರೆ ಏನು ಹೇಳುವುದು? ಕಾಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಕೆಳಗೆ ಬಂದರೆ ಹಡಗಿನವರು ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ಡಬ್ಬಿ ಬಿಚ್ಚಿದ್ದರು. ಮೀಟಿಂಗಿನಲ್ಲಿದ್ದ ಸಾಹೇಬರೂ ಅಲ್ಲೇ ಇದ್ದರು, ಅಂಗಿಯ ತೋಳು ಮಡಚಿಕೊಂಡು. ಚಿತ್ರಾನ್ನ ತಿನ್ನಿ ಬನ್ನಿ ಎಂದು ಕರೆದರು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಕಂಪನಿ ಹೇಗಿದೆ ಸ್ವಾಮಿ ಎಂದೆ. ಅವರು ತುತ್ತು ನುಂಗಿ, "ಒಂದು ಬಂದರಿನ ಕೆಲಸಕ್ಕೆ ಅರ್ಜಿ ಹಾಕಿದ್ದೀವಿ. ಅದು ಸಿಕ್ಕಿದ್ರೆ ಬದುಕ್ಕೊಳ್ತೀವಿ. ಸಿಗದಿದ್ರೆ ಕಷ್ಟ ಯಜಮಾನ್ರೇ, ಸುಳ್ಳು ಯಾಕೆ ಹೇಳ್ಲಿ," ಎಂದರು. ಸುಳ್ಳು ಯಾಕೆ ಹೇಳ್ಲಿ ಎಂಬ ಆ ಮಾತು ಬಸ್ಸಿನ ದಾರಿಯುದ್ದಕ್ಕೂ ಕಿವಿಯಲ್ಲಿತ್ತು.

ಬೆಂಚಿಗೆ ತಲುಪುವ ಹೊತ್ತಿಗೆ ಅದು ಹೊರಟುಹೋಗಿತ್ತು. ಇಬ್ಬರೂ ನನಗಾಗಿ ಕಾದು ಕೂತಿದ್ದರು. ಯಾವತ್ತೂ ನಡುವೆ ಕೂರುವ ಸಾರ್ ಸರಿದು ನನಗೆ ನಡುವೆ ಜಾಗ ಬಿಟ್ಟರು.

"ಏನ್ ಸಮಾಚಾರ?"

"ಊಟ ಮಾಡ್ದೆ," ಎಂದೆ. "ಪಾಯಸದಲ್ಲಿ ಗೋಡಂಬಿ ಇತ್ತು."

"ಚೂರಾ, ಇಡಿಯಾ?" ಸಾರ್ ಕೇಳಿದರು.

"ಇಡಿ."

ನೋಡಿ, ನಾನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬಿ.ಕಾಂ. ಓದಿದ ಮನುಷ್ಯ ತನ್ನ ಕಾಗದದ ಕಟ್ಟನ್ನು ಮಡಚಿ ತೊಡೆಯ ಕೆಳಗಿಟ್ಟು, "ಬ್ಯಾಲೆನ್ಸ್ ಶೀಟಿಗಿಂತ ಇದೇ ಗಟ್ಟಿ ಕಣ್ರೀ," ಎಂದರು. ಅವರು ನನ್ನ ಮಾತಿಗೆ ತಲೆದೂಗಿದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಯಾರ ಕ್ಯಾಂಟೀನು ಎಂಬುದನ್ನು ಆಮೇಲೆ ಹೇಳೋಣ, ಇವತ್ತೊಂದು ದಿನ ಇದನ್ನು ಅನುಭವಿಸೋಣ ಎಂದುಕೊಂಡೆ. ಗೆಳೆಯ ನನ್ನ ಬೆನ್ನಿಗೆ ಗುದ್ದಿ, "ಡಾಕ್ಟ್ರಿಗೆ ಫೋನ್ ಮಾಡಿ ಕಾಲು ಇನ್ನೊಂದ್ ವರ್ಷ ಕಾಯತ್ತೆ ಅಂತೀನಿ," ಎಂದ. ಹೋಗುವಾಗ ಪಾರ್ಕಿನ ಗೇಟಿನ ಎರಡು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿದ. ನಾನು ಬೇರೆ ಕಡೆ ನೋಡಿದೆ.

ಆ ಒಂದು ದಿನ ಹಲವು ದಿನವಾಯಿತು. ಪಾರ್ಕಿನಲ್ಲಿ ಗುರುತಿಲ್ಲದವರೂ ಬಂದು ಯಾವ ಷೇರು ಕೊಳ್ಳಬಹುದು ಎಂದು ನನ್ನನ್ನು ಕೇಳತೊಡಗಿದರು. ನಾನು ಗಡ್ಡ ಕೆರೆದುಕೊಂಡು, ಅವರ ಊಟ ನೋಡದೆ ಏನೂ ಹೇಳಲಾರೆ ಎನ್ನುತ್ತಿದ್ದೆ. ಮನೆಯಲ್ಲಿ ನಾನೂ ಇನ್ನಷ್ಟು ಹಣ ಹಾಕುತ್ತೇನೆಂದಾಗ ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಎರಡ್ ಬಟ್ಲು ಪಾಯ್ಸ ತಿಂದಿದ್ದೀರಲ್ಲ, ಸಾಕು," ಎಂದಳಷ್ಟೆ. ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಹಣ ಉಳಿಯಿತು ಎಂಬ ಸಮಾಧಾನ. ಗೆಳೆಯನದು ನೆನಪಾದದ್ದು ಸ್ವಲ್ಪ ಹೊತ್ತಿನ ಮೇಲೆ.

ಅರ್ಜಿಯ ಕೊನೆಯ ದಿನ ಅವನು ಮನೆಗೆ ಬಂದ. ಜಾಲಹಳ್ಳಿಯ ಬ್ಯಾಂಕಿಗೆ ಜೊತೆಗೆ ಬಾ ಎಂದ. ಬಸ್ಸಿಗೆ ಹತ್ತುವಾಗ ನಾನು ಹಿಂದಿನಿಂದ ತಳ್ಳಬೇಕಾಯಿತು. ಕಂಡಕ್ಟರು "ಬೇಗ ಬೇಗ ಅಜ್ಜ" ಎಂದು ಗದರಿದ. ಗೆಳೆಯ, "ಇರಪ್ಪ, ಮುಂದಿನ್ ಸಲ ಎರಡು ಹೊಸ ಕಾಲ್ ಹಾಕ್ಕೊಂಡು ನೆಗೆದ್ ಹತ್ತೀನಿ," ಎಂದು ನಕ್ಕ. ಆ ನಗು ನನಗೆ ತಡೆಯಲಾಗಲಿಲ್ಲ. ಸೀಟಿನಲ್ಲಿ ಕೂತ ತಕ್ಷಣ ಹೇಳಿಬಿಟ್ಟೆ.

"ಆ ಕ್ಯಾಂಟೀನು ಅವ್ರದ್ದಲ್ಲ ಕಣೋ."

"ಯಾವ್ದು?"

"ಹಡಗಿಂದು. ಮೇಲಿನ್ ಇನ್ಶೂರೆನ್ಸ್‌ನವ್ರದು. ಹಡಗಿನವ್ರು ಡಬ್ಬಿ ತರ್ತಾರೆ."

ಅವನು ನನ್ನನ್ನು ನೋಡಿದ. ಬೈಯುತ್ತಾನೆಂದು ಕುತ್ತಿಗೆ ಬಗ್ಗಿಸಿ ಕೂತೆ. ಬಸ್ಸು ಒಂದು ಸ್ಟಾಪ್ ದಾಟಿತು.

"ಡಬ್ಬೀಲಿ ಏನಿತ್ತು?" ಎಂದ.

"ಚಿತ್ರಾನ್ನ."

"ಕಡ್ಲೆಬೀಜ ಇತ್ತಾ?"

"ನೋಡ್ಲಿಲ್ಲ."

"ನೋಡ್ಬೇಕಿತ್ತು ಕಣಯ್ಯ!" ಎಂದು ಕೂಗಿದ. ಇಡೀ ಬಸ್ಸು ನಮ್ಮ ಕಡೆ ತಿರುಗಿತು. "ಉಂಡಿದ್ದು ಬೇರೆಯವ್ರ ಮನೇದು, ನೋಡ್ಬೇಕಾಗಿದ್ದ ಡಬ್ಬಿ ನೋಡ್ಲಿಲ್ಲ. ನಿನ್ನ ಲೇತ್ ಮೆಷಿನ್ ಮುಂದೆ ನಿಲ್ಸಿದ್ದೇ ತಪ್ಪು. ಯಾವತ್ತು ಗೊತ್ತಾಯ್ತು ನಿಂಗೆ?"

"ಅವತ್ತೇ. ಕೈ ತೊಳೆಯುವಾಗ."

ಈಗ ಅವನಿಗೆ ನೋವಾಯಿತು. ಕ್ಯಾಂಟೀನಿನ ತಪ್ಪಿಗಲ್ಲ, ಅವತ್ತೇ ಎಂಬ ಮಾತಿಗೆ. ಕಿಟಕಿಯ ಕಡೆ ಮುಖ ತಿರುಗಿಸಿದ. ಸಾರ್ ಸರಿದು ಕೊಟ್ಟ ಜಾಗದ ಆಸೆಗೆ ಬಾಯಿ ಮುಚ್ಚಿಕೊಂಡೆ ಎಂದು ಹೇಳಿದೆ. ಬ್ಯಾಂಕಿನ ಸ್ಟಾಪಿನಲ್ಲಿ ಇಳಿದೆವು. ಅವನು ಒಳಗೆ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕೂತು, ಡಾಕ್ಟರಿಗೇ ಫೋನ್ ಮಾಡಿದ. "ಬಲಗಾಲು ಮಾಡ್ಬಿಡಿ ಡಾಕ್ಟ್ರೇ," ಎಂದ. ಅದೇ ವಾರ ತನ್ನಲ್ಲಿದ್ದ ಹಳೇ ಷೇರುಗಳನ್ನೂ ಮಾರಿಬಿಟ್ಟ. ನಾನು ಮಾರಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ಆದ್ದರಿಂದ ಹೇಳಲಿಲ್ಲ.

ಸಾರ್‌ಗೂ ಅವತ್ತೇ ಸಂಜೆ ವಿಷಯ ತಿಳಿಸಿದೆ. ಅವರು ಆಗಲೇ ಅರ್ಜಿ ಹಾಕಿಯಾಗಿತ್ತು. ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಕಂಪನಿಗೆ ಆ ಬಂದರಿನ ಕೆಲಸವೂ ಸಿಕ್ಕಿತು. ಷೇರು ಏರಿತು, ಆಮೇಲೆ ಇನ್ನೂ ಏರಿತು. ಮಾತು ಬಿಟ್ಟಿದ್ದ ಸಾರ್ ತಾವಾಗಿಯೇ ಫೋನ್ ಮಾಡಿ ದಿನವೂ ಬೆಲೆ ಹೇಳತೊಡಗಿದರು. ಹಾಕಿದ್ದರೆ ಗೆಳೆಯನ ಎರಡೂ ಕಾಲು ಒಟ್ಟಿಗೇ ಆಗುತ್ತಿತ್ತು. ಆ ಬಸ್ಸಿನಲ್ಲಿ ಯಾಕಾದರೂ ಬಾಯಿ ಬಿಟ್ಟೆನೋ ಎಂದು ಎರಡು ದಿನ ಕೊರಗಿದೆ. ಮುಚ್ಚಿಟ್ಟದ್ದಕ್ಕೆ ಅಷ್ಟು ಕೊರಗಿರಲಿಲ್ಲ, ಹೇಳಿದ್ದಕ್ಕೆ ಕೊರಗಿದೆ. ನನ್ನ ಬಗ್ಗೆ ನನಗೇ ನಾಚಿಕೆಯಾದದ್ದು ಆಗ.

ಈಗ ದಿನವೂ ಬೆಳಿಗ್ಗೆ ಅವನ ಮನೆಗೆ ಹೋಗುತ್ತೇನೆ. ಹೊಸ ಕಾಲನ್ನು ಮಡಚುವ ವ್ಯಾಯಾಮ ಇದೆ, ಹಿಮ್ಮಡಿ ಹಿಡಿದು ನಿಧಾನವಾಗಿ ತೊಡೆಯ ಕಡೆಗೆ ಒಳಗೆ ತಳ್ಳುವುದು ನನ್ನ ಕೆಲಸ. ಪ್ರತಿ ಸಲ ತಳ್ಳಿದಾಗಲೂ ಅವನು ನನ್ನ ವಂಶದ ಒಬ್ಬೊಬ್ಬರನ್ನೂ ಕರೆದು ಬೈಯುತ್ತಾನೆ. ಎಡಗಾಲು ಪಕ್ಕದಲ್ಲಿ ಸರದಿಗಾಗಿ ಕಾದಿರುತ್ತದೆ. ನೋವು ಜಾಸ್ತಿಯಾದಾಗ ಹಲ್ಲು ಕಚ್ಚಿ ಕೇಳುತ್ತಾನೆ:

"ಟಗರು ಏನಾಯ್ತೋ?"

"ಬಿದ್ದಿದೆ," ಎನ್ನುತ್ತೇನೆ.

"ಎಷ್ಟು?"

"ಚೆನ್ನಾಗೇ ಬಿದ್ದಿದೆ."

"ನಾನು ಆವತ್ತೇ ಅಂದ್ಕೊಂಡೆ," ಎನ್ನುತ್ತಾನೆ. ಮುಖ ಅರಳುತ್ತದೆ, ಕಾಲು ಇನ್ನಷ್ಟು ಮಡಚುತ್ತದೆ. ಈ ಸುಳ್ಳಿಗೆ ಒಮ್ಮೆ ಕ್ಷಮೆ ಕೇಳಲೇಬೇಕು. ಆದರೆ ಹಿಮ್ಮಡಿ ಪೂರಾ ಒಳಕ್ಕೆ ಬರಲಿ ಎಂದು ಕಾಯುತ್ತಿದ್ದೇನೆ.