ಹಳೇ ಟೈರಿನ ಗಿರಾಕಿ

ಹಳೇ ಲಾರಿಯ ಯಜಮಾನ ನಮ್ಮ ಟೈರಂಗಡಿಗೆ ಬಂದನೆಂದರೆ ಹೊಸ ಟೈರುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಸೀದಾ ಹಿಂಬದಿಗೆ ನಡೆದು, ಹಳೆಯವನ್ನು ಪೇರಿಸಿಟ್ಟ ಕಡೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಸ್ವಂತ ಅಳಿಯನನ್ನು ಆರಿಸುವಾಗಲೂ ಅವನು ಇಷ್ಟು ವಿಚಾರಿಸಿರಲಿಕ್ಕಿಲ್ಲ. ಗೆರೆಯ ಆಳ ನೋಡಲು ನಾಣ್ಯ ತುರುಕುತ್ತಾನೆ, ಒಳಮೈಗೆ ಅಂಗೈ ಆಡಿಸಿ ಉಬ್ಬು ಹುಡುಕುತ್ತಾನೆ, ಪಕ್ಕದಲ್ಲಿ ಅಚ್ಚೊತ್ತಿದ ತಯಾರಿಕೆಯ ವರ್ಷವನ್ನು ಓದಿ, ಅದು ನನ್ನದೇ ತಪ್ಪೆಂಬಂತೆ ನನ್ನ ಮುಖ ನೋಡುತ್ತಾನೆ. "ಏನಣ್ಣ, ಇದಕ್ಕೆ ಮೀಸೆ ಬಂದಿದೆ, ಇನ್ನೂ ಮಗು ಅಂತ ಮಾರ್ತೀಯಲ್ಲ!" ಅವನ ಲಾರಿಯ ರಿಮ್ಮುಗಳೂ ಗುಜರಿಯಿಂದ ಒಂದೊಂದಾಗಿ ಬಂದವೇ, ಒಂದು ಹಳದಿ, ಒಂದು ನೀಲಿ, ಉಳಿದವಕ್ಕೆ ಬಣ್ಣವೇ ಇಲ್ಲ. ಯಾರಾದರೂ ನಕ್ಕರೆ, "ಅಳತೆ ಒಂದೇ ಅಲ್ವಾ? ತಿರುಗುವಾಗ ಬಣ್ಣ ಯಾರಿಗೆ ಕಾಣತ್ತೆ?" ಎನ್ನುತ್ತಾನೆ. ಚೌಕಾಸಿಯಲ್ಲಿ ನನ್ನ ಗಂಟಲು ಒಣಗಿಸಿ, ಕೊನೆಗೆ ಗಾಳಿಯನ್ನೂ ಬಿಟ್ಟಿ ತುಂಬಿಸಿಕೊಳ್ಳುತ್ತಾನೆ. ಇಂಥ ಆಸಾಮಿ, ತನ್ನ ಲಾರಿಯಿಂದ ಬಿಚ್ಚಿದ ಬೋಳು ಟೈರನ್ನು ಮಾತ್ರ ನನಗೆ ಮಾರುವುದಿಲ್ಲ. ಎಷ್ಟು ಕೊಡುತ್ತೇನೆಂದರೂ ಕಿವಿಗೆ ಹಾಕಿಕೊಳ್ಳದೆ, ಸೀಟಿನಡಿಯಿಂದ ಚೂರಿ ತೆಗೆದು, ಬೆವರು ಸುರಿಸಿಕೊಂಡು ಅದರ ಪಕ್ಕೆಯನ್ನು ಉದ್ದಕ್ಕೂ ಸೀಳಿಹಾಕುತ್ತಾನೆ. "ಯಜಮಾನ್ರೇ, ಕೈಗೆ ಬರೋ ದುಡ್ಡು ಯಾಕೆ ಬಿಡ್ತೀರಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಚೂರಿಯನ್ನು ಪ್ಯಾಂಟಿಗೆ ಒರೆಸುತ್ತಾ ಹೇಳಿದ: "ಹಾಗೇ ಬಿಟ್ರೆ, ನನಗಿಂತ ದೊಡ್ಡ ಜಿಪುಣ ಒಬ್ಬ ಬಂದು ಇದನ್ನೇ ಹಾಕ್ಕೊಂಡು ರಸ್ತೆಗಿಳೀತಾನಣ್ಣ. ನೀನೂ ಅವನಿಗೆ ಮಾರದೇ ಬಿಡಲ್ಲ."