ದೇವಿರಮ್ಮನ ಎರಡು ಗಂಟೆ ನಲವತ್ತು ನಿಮಿಷ

ದೇವಿರಮ್ಮ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಎರಡು ಬಾಣಂತನ, ಒಂದು ಸಲ ಚಿಕೂನ್‌ಗುನ್ಯ, ಅಷ್ಟೇ. ಚಿಕೂನ್‌ಗುನ್ಯ ಬಂದಾಗಲೂ ನಾಲ್ಕನೆಯ ದಿನಕ್ಕೆ ಗಂಡ ಹೊನ್ನಯ್ಯ ಕೋಣೆಯ ಬಾಗಿಲಲ್ಲಿ ನಿಂತು, "ಎಂಗದೆ ಈಗ?" ಎಂದು ಕೇಳಿದ್ದ. ಮುದ್ದೆ ಯಾವಾಗ ಎಂದು ಅದರ ಅರ್ಥ. ದೇವಿರಮ್ಮ ಎದ್ದಿದ್ದಳು.

ಹಗಲು ನಿದ್ದೆಗೆಂದೇ ಆ ಮನೆಗೆ ಒಂದು ಜಗಲಿ ಇತ್ತು. ಕೆಂಪು ಗಾರೆ, ಮೇಲೆ ಬೇವಿನ ನೆರಳು, ನಾಲೆಯ ಕಡೆಯಿಂದ ಬೀಸುವ ಗಾಳಿ. ಅಲ್ಲಿ ಮೊದಲು ಮಾವ ಮಲಗುತ್ತಿದ್ದ. ಈಗ ಹೊನ್ನಯ್ಯ ಮಲಗುತ್ತಿದ್ದ. ಅವನು ಚಿಕ್ಕರಸಿನಕೆರೆಗೆ ಹೋದ ದಿನ ಪಕ್ಕದ ಮನೆಯ ಚೌಡಯ್ಯ ಬಂದು ಮಲಗುತ್ತಿದ್ದ. ಇಬ್ಬರೂ ಇಲ್ಲದಿದ್ದರೆ ನಾಯಿ. ಆ ಗಾರೆಯ ತಂಪು ದೇವಿರಮ್ಮನ ಬೆನ್ನಿಗೆ ಗೊತ್ತಿರಲಿಲ್ಲ, ಒರೆಸುವ ಕೈಗೆ ಮಾತ್ರ ಗೊತ್ತಿತ್ತು. ಒಂದು ದಿನ, ಒಂದೇ ಒಂದು ದಿನ, ಊಟವಾದ ಮೇಲೆ ಅಲ್ಲಿ ಕಾಲು ಚಾಚಿ ಮಲಗಬೇಕು ಎಂಬುದು ಅವಳ ಆಸೆ. ಬಾಯಿಬಿಟ್ಟು ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಅವಳ ತವರು ಶಿವನಸಮುದ್ರದ ಕಡೆ. ಅಪ್ಪ ಪವರ್‌ಹೌಸಿನಲ್ಲಿ ಕೂಲಿ. ಮನೆಯ ಮಾಡಿನ ಮೇಲೆ ದಪ್ಪ ತಂತಿಗಳು ಗುಂಯ್ ಎನ್ನುತ್ತಿದ್ದವು, ಒಳಗೆ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಅಪ್ಪ, "ಅದು ಬ್ಯಾರೇರ ಕರೆಂಟು ಕಣವ್ವ" ಎಂದಿದ್ದ. ಆ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು.

ಕಳೆದ ವರ್ಷ ಶುದ್ಧ ಇಂಧನ ಬಿಳಿ ಕಾರಿನಲ್ಲಿ ಅವರ ಮನೆಗೇ ಬಂತು. ಕಾರಿನಿಂದ ಇಳಿದವನು ಪ್ರಸನ್ನ, ಮಂಡ್ಯದಲ್ಲಿ 'ಹಸಿರುದಾರಿ ಕನ್ಸಲ್ಟೆನ್ಸಿ' ಎಂಬ ಬೋರ್ಡು ಹಾಕಿಕೊಂಡವನು. ಜಗಲಿಯಲ್ಲಿ ಕೂತು, ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಶುದ್ಧ ಇಂಧನಕ್ಕೆ ಹೂಡಿಕೆಯ ಅವಕಾಶ ಹೇಗೆ ಉಕ್ಕುತ್ತಿದೆ ಎಂದು ವಿವರಿಸಿದ. ಅವಕಾಶ ಉಕ್ಕುವುದನ್ನು ಕೇಳಲು ಹತ್ತು ಗಂಡಸರು ಸೇರಿದ್ದರು. ಒಳಗೆ ಸೌದೆ ಒಲೆಯ ಮುಂದೆ ಕಣ್ಣುಜ್ಜಿಕೊಳ್ಳುತ್ತ ದೇವಿರಮ್ಮ ಹಾಲು ಉಕ್ಕದಂತೆ ನೋಡಿಕೊಂಡಳು. ಅವತ್ತು ಮಧ್ಯಾಹ್ನದೊಳಗೆ ಮೂರು ಸಲ ಕಾಫಿಯಾಯಿತು.

ಆಮೇಲೆ ಸರ್ವೆ. ಪ್ರಶ್ನೆಗಳೆಲ್ಲ ಮನೆಯ ಹೆಂಗಸಿನ ಬಗ್ಗೆ ಇದ್ದುದರಿಂದ ಪ್ರಸನ್ನ ಅವನ್ನು ಹೊನ್ನಯ್ಯನಿಗೆ ಕೇಳಿದ.

"ಸೌದೆಗೆ ಎಷ್ಟು ದೂರ ನಡೀತಾರೆ? ಮೂರು ಕಿಲೋಮೀಟರಾ, ಐದಾ, ಏಳಾ?"

ದೇವಿರಮ್ಮ ಬಾಗಿಲಿನಿಂದಲೇ ಅಂದಳು: "ಎಲ್ಲಿಗೆ ನಡೀಲಿ ಸಾ? ಇತ್ಲಲ್ಲೇ ತೆಂಗಿನ ಗರಿ ಬಿದ್ದವೆ, ಇಪ್ನೇರಳೆ ಕಡ್ಡಿ ಅವೆ. ಐದು ಕಿಲೋಮೀಟ್ರು ಓದ್ರೂ ಬರೀ ಕಬ್ಬು."

"ಸೊನ್ನೆ ಅನ್ನೋ ಕಾಲಂ ಇಲ್ಲ ಆಂಟಿ. ಇದು ಎಲ್ಲಾ ದೇಶಕ್ಕೂ ಒಂದೇ ಫಾರಂ."

"ಐದು ಆಕಪ್ಪ, ಮಧ್ಯಕ್ಕಿರ್ಲಿ" ಎಂದ ಹೊನ್ನಯ್ಯ ಉದಾರವಾಗಿ. ಹೆಂಡತಿಯನ್ನು ದಿನಾ ಐದು ಕಿಲೋಮೀಟರು ನಡೆಸುವುದರಲ್ಲಿ ಅವನದೇನೂ ಖರ್ಚಿರಲಿಲ್ಲ.

ಹಿತ್ತಿಲಲ್ಲಿ ಗುಂಡಿ ತೋಡಿ ಗೋಬರ್ ಗ್ಯಾಸ್ ಕಟ್ಟಿದರು. ಒಲೆಯಲ್ಲಿ ನೀಲಿ ಜ್ವಾಲೆ ಬಂತು. ಹೊಗೆ ಕಡಿಮೆಯಾದದ್ದು ನಿಜ. ದೇವಿರಮ್ಮ ಅದನ್ನು ಯಾವತ್ತೂ ಇಲ್ಲ ಎನ್ನಲಿಲ್ಲ. ಆದರೆ ಮೊದಲು ಸಗಣಿಯನ್ನು ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಎಸೆದರೆ ಮುಗಿಯುತ್ತಿತ್ತು. ಈಗ ಅದಕ್ಕೆ ಸಮನಾಗಿ ನೀರು ಸೇದಿ ಹೊಯ್ದು, ಹುಲ್ಲುಕಡ್ಡಿ ಆರಿಸಿ, ಗಂಟಿಲ್ಲದಂತೆ ಕೈಯಲ್ಲಿ ಕಲಸಿ ಗುಂಡಿಗೆ ಬಿಡಬೇಕು. ಆಚೆ ಬದಿಯಲ್ಲಿ ಬಂದ ಬಗ್ಗಡ ಎತ್ತಿ ತೋಟಕ್ಕೆ ಹಾಕಬೇಕು. ದಿನಾ ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ಒಂದೂವರೆ ಗಂಟೆಯ ಕೆಲಸ. ಇನ್ನು ಮುದ್ದೆಗೆ ಹಿಟ್ಟು ತೊಳಸುವಾಗ ಗ್ಯಾಸ್ ಒಲೆಯ ಮೇಲೆ ಪಾತ್ರೆ ನಿಲ್ಲುತ್ತಿರಲಿಲ್ಲ. ನೆಲಕ್ಕಿಳಿಸಿ, ಎರಡು ಪಾದದಲ್ಲಿ ಅದುಮಿ ಹಿಡಿದು ಕೋಲು ತಿರುವಬೇಕು. ಪರೀಕ್ಷೆ ಮಾಡಿದವರು ಅದರ ಮೇಲೆ ಐದು ಲೀಟರ್ ನೀರು ಕಾಯಿಸಿ ನೋಡಿದ್ದರಂತೆ. ನೀರನ್ನು ಯಾರೂ ತೊಳಸುವುದಿಲ್ಲವಲ್ಲ.

ಹೊನ್ನಯ್ಯನನ್ನು ಪ್ರಸನ್ನ 'ಸಮುದಾಯ ಪಾಲುದಾರ' ಮಾಡಿದ. ಇನ್ನೂ ನಲವತ್ತು ಮನೆಗೆ ಗುಂಡಿ ಬಂದರೆ ದೆಹಲಿಯ ಸಮ್ಮೇಳನಕ್ಕೆ ವಿಮಾನದಲ್ಲಿ ಕರೆದೊಯ್ಯುತ್ತೇನೆ ಎಂದ. ಹೊನ್ನಯ್ಯ ಭಾರತೀನಗರಕ್ಕೆ ಹೋಗಿ ಸಫಾರಿ ಹೊಲಿಸಿಕೊಂಡು ಬಂದ.

ಮುಂದಿನ ಸಭೆಯಲ್ಲಿ ಪ್ರಸನ್ನ ಒಂದು ಸಿಹಿ ಸುದ್ದಿ ಹೇಳಿದ. "ಈ ಮನೆಯ ಮಹಿಳೆಗೆ ದಿನಕ್ಕೆ ಎರಡು ಗಂಟೆ ನಲವತ್ತು ನಿಮಿಷ ಉಳಿತಾಯ ಆಗಿದೆ. ಆ ಸಮಯಕ್ಕೆ ಹೊರದೇಶದಲ್ಲಿ ಬೇಡಿಕೆ ಇದೆ. ಒಂದು ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿದೆ."

ಲೋಟ ಹಂಚುತ್ತಿದ್ದ ದೇವಿರಮ್ಮ ನಿಂತಳು. "ನನ್ನ ಟೈಮ್ ಕೊಂಡ್ಕಂಡವ್ರಾ?"

"ಹೌದು ಆಂಟಿ. ಮಹಿಳೆಯರಿಗೆ ವಿರಾಮ ಕೊಟ್ಟೆವು ಅಂತ ಅವರು ವರದಿಯಲ್ಲಿ ಹಾಕ್ಕೋತಾರೆ."

"ನಾನೇ ಇನ್ನೂವೆ ನೋಡಿಲ್ವಲ್ಲ ಸಾ ಅದ. ನೋಡ್ದೇ ಇರೋದ ಎಂಗೆ ಮಾರುದ್ರಿ?"

ಗಂಡಸರು ನಕ್ಕರು. "ಸುಮ್ಕಿರಮ್ಮಿ, ನಿಂಗೆ ಗೊತ್ತಾಗಕಿಲ್ಲ" ಎಂದ ಹೊನ್ನಯ್ಯ. ದೇವಿರಮ್ಮನಿಗೆ ಗೊತ್ತಾಗಿತ್ತು. ಬೇರೆಯವರ ಕರೆಂಟು ಎಂದುಕೊಂಡು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಆದರೆ ಕೊಂಡವರು ಸರಕು ಇದೆಯೋ ಇಲ್ಲವೋ ನೋಡುವವರು. ಅವರ ಪರವಾಗಿ ತಪಾಸಣೆಗೆ ಬೆಂಗಳೂರಿನಿಂದ ಶೋಭಿತಾ ಎಂಬವರು ಬರುತ್ತಾರೆಂದು ತಿಳಿಯಿತು. ಹಿಂದಿನ ದಿನ ಪ್ರಸನ್ನ ಬಂದು ಅಡುಗೆಮನೆಯ ಗೋಡೆಗೆ ಬಣ್ಣದ ಚಾರ್ಟು ಅಂಟಿಸಿದ: 'ಶ್ರೀಮತಿ ದೇವಿರಮ್ಮನವರ ದಿನಚರಿ'. ಅದರಲ್ಲಿ ಸಗಣಿ ಕಲಸುವುದು ಇರಲಿಲ್ಲ. ಎರಡು ಇಪ್ಪತ್ತರಿಂದ ಐದು ಗಂಟೆಯವರೆಗೆ ಹಸಿರು ಬಣ್ಣ ಬಳಿದು 'ವಿಶ್ರಾಂತಿ' ಎಂದು ಬರೆದಿತ್ತು.

"ಕೇಳಿದ್ರೆ ಇದನ್ನೇ ಹೇಳಿ ಆಂಟಿ. ಒಂದು ನಿಮಿಷ ಆಚೀಚೆ ಆಗಬಾರದು."

"ಕೇಳುಸ್ಕಂಡ್ಯಾ, ಇದ್ರಂಗೇ ಏಳ್ಬೇಕು. ನಲವತ್ತು ಮನೆ ಮಾತು ಇದು" ಎಂದು ಹೊನ್ನಯ್ಯ ಬೆರಳು ತೋರಿಸಿದ. ವಿಮಾನದ ಮಾತು ಎತ್ತಲಿಲ್ಲ.

ದೇವಿರಮ್ಮ ಆ ಹಸಿರು ಪಟ್ಟಿಯನ್ನು ತುಂಬ ಹೊತ್ತು ನೋಡಿದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳ ನಿದ್ದೆಯನ್ನು ಯಾರೋ ಬರೆದು, ಗಂಡ ಒಪ್ಪಿ, ಗೋಡೆಗೆ ಅಂಟಿಸಿದ್ದರು.

ಮರುದಿನ ಬೆಳಿಗ್ಗೆ ಸೊಸೆ ರೂಪಳನ್ನು ಕರೆದಳು. "ಮದ್ದೂರ್ಗೆ ಓಗಿ ಸೀರೆಗೆ ಫಾಲ್ ಆಕುಸ್ಕಂಡು ಬಾ ಮಗ."

"ಇವತ್ತಾ? ನೆಂಟ್ರು ಬತ್ತಾರಲ್ಲ ಅತ್ತೆ, ಒಬ್ರೇ ಎಂಗೆ..."

"ಅದ್ಕೇ ಓಗು ಅಂದಿದ್ದು. ಐದು ಗಂಟೆಗಿಂತ ಮುಂಚೆ ಬಂದೀಯ, ಉಸಾರು."

ತಾನು ಮಲಗಿದರೆ ಹಿಟ್ಟಿನ ಕೋಲು ಯಾರ ಕೈಗೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಒಂದು ಗಂಟೆಗೆ ಬರುತ್ತೇವೆ ಎಂದವರಿಗಾಗಿ ನಾಟಿ ಕೋಳಿ ಸಾರು, ಅನ್ನ, ಕೋಸಂಬರಿ ಎಲ್ಲ ಮಾಡಿಟ್ಟಳು. ಹಿಟ್ಟನ್ನು ಮಾತ್ರ ಬಿಸಿಬಿಸಿ ತೊಳಸಬೇಕು, ಅದಕ್ಕೆ ಎಸರಿಟ್ಟು ಕಾದಳು. ಒಂದೂವರೆಯಾಯಿತು, ಎರಡಾಯಿತು. ಗಡಿಯಾರ ಎರಡು ಇಪ್ಪತ್ತು ತೋರಿಸಿದಾಗ ಗ್ಯಾಸ್ ಆರಿಸಿದಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ದಿಂಬು ತಂದು ಜಗಲಿಯ ಮೇಲೆ ಹಾಕಿ, ಕಾಲು ಚಾಚಿ ಮಲಗಿದಳು. ಗಾರೆ ತಂಪಾಗಿತ್ತು. ಇಷ್ಟು ತಂಪೆಂದು ಅವಳು ಅಂದುಕೊಂಡಿರಲಿಲ್ಲ.

ಎರಡೂ ಮುಕ್ಕಾಲಿಗೆ ಕಾರು ಬಂತು. ದಾರಿ ತೋರಿಸಲು ಹೋಗಿದ್ದ ಹೊನ್ನಯ್ಯ ಸಫಾರಿಯಲ್ಲಿ ಮೊದಲು ಇಳಿದ, ಜಗಲಿ ನೋಡಿದ, ಬಾಯಿ ತೆರೆದ.

"ಲೇ ದೇವೀ! ಏನಾಯ್ತಮ್ಮಿ? ಜ್ವರ ಬಂತಾ?"

"ಜ್ವರ ಯಾಕ್ ಬಂದದು? ಟೈಮಾಯ್ತು, ಮನಗಿವ್ನಿ."

"ಏಳು ಏಳು, ಅವ್ರು ಬಂದವ್ರೆ! ಇಟ್ಟು ಎಲ್ಲಿ? ರೂಪಾ! ಏ ರೂಪಾ!"

"ಅವ್ಳು ಮದ್ದೂರ್ಗೋಗವ್ಳೆ" ಎಂದು ದೇವಿರಮ್ಮ ಕಣ್ಣು ಮುಚ್ಚಿಯೇ ಹೇಳಿದಳು. "ಒಂದ್ ನಿಮ್ಸ ಆಚೀಚೆ ಆಗ್ಬಾರ್ದು ಅಂದಿಲ್ವಾ ನೀವೂವೆ?"

ಪ್ರಸನ್ನ ಬಿಳಿಚಿಕೊಂಡ. ಅಷ್ಟರಲ್ಲಿ ಶೋಭಿತಾ ಹತ್ತಿರ ಬಂದು ಬಗ್ಗಿ ನೋಡಿದರು. ಅಡುಗೆಮನೆಗೆ ಹೋಗಿ ಚಾರ್ಟು ಓದಿಕೊಂಡು ಬಂದರು. ಅವರ ಮುಖ ಅರಳಿತ್ತು.

"ಹನ್ನೊಂದು ಹಳ್ಳಿ ನೋಡಿದೀನಿ. ಎಲ್ಲಾ ಕಡೆ ವಿಶ್ರಾಂತಿ ತಗೋತೀವಿ ಅಂತ ನಿಂತ್ಕೊಂಡು ಹೇಳ್ತಾರೆ, ಕೈಯಲ್ಲಿ ಪೊರಕೆ ಇರತ್ತೆ. ತಗೊಳ್ತಾ ಇರೋರನ್ನ ಇದೇ ಮೊದಲು ನೋಡಿದ್ದು. ಎಬ್ಬಿಸಬೇಡಿ. ನಾನು ಐದು ಗಂಟೆವರೆಗೂ ಇಲ್ಲೇ ಕೂತು ಪೂರ್ತಿ ದಾಖಲೆ ಮಾಡ್ಕೋತೀನಿ."

"ಊಟ..." ಎಂದ ಪ್ರಸನ್ನ.

"ಮಾಡೋಣ. ಮುದ್ದೆ ಅಂದಿದ್ರಲ್ಲ, ಯಾರು ಮಾಡ್ತಾರೆ?"

ಇಬ್ಬರು ಗಂಡಸರೂ ಅಡುಗೆಮನೆಗೆ ಹೋದರು. ಆಮೇಲೆ ಒಳಗಿನಿಂದ ಪಾತ್ರೆ ಉರುಳಿದ ಸದ್ದು ಬಂತು, "ಕಾಲಲ್ಲಿ ಹಿಡ್ಕೊಳ್ಳಿ ಗೌಡ್ರೇ, ಕಾಲಲ್ಲಿ!" ಎಂಬ ಪ್ರಸನ್ನನ ಕೂಗು ಬಂತು, "ಸುಡ್ತದೆ ಕಣ್ಲಾ!" ಎಂಬ ಹೊನ್ನಯ್ಯನ ಕೂಗು ಬಂತು. ಮುದ್ದೆ ಬಂದಾಗ ಅದರೊಳಗೆ ನೆಲ್ಲಿಕಾಯಿ ಗಾತ್ರದ ಗಂಟುಗಳಿದ್ದವು. ಶೋಭಿತಾ ಅನ್ನ ಉಂಡರು.

ಉಂಡ ಮೇಲೆ ಕೇಳಿದರು: "ಗುಂಡಿಗೆ ದಿನಾ ಸಗಣಿ ಹಾಕೋದು ಯಾರು? ಚಾರ್ಟಲ್ಲಿ ಅವರ ಹೆಸರಲ್ಲಿ ಇಲ್ಲವಲ್ಲ."

ಪ್ರಸನ್ನ ಹೊನ್ನಯ್ಯನ ಕಡೆ ಕೈ ತೋರಿಸಿದ. "ಅದು... ಮನೆ ಯಜಮಾನರು, ಮೇಡಂ."

"ಒಳ್ಳೇದು. ತೋರಿಸಿ, ಫೋಟೊ ಬೇಕು."

ಹೊನ್ನಯ್ಯ ಸಫಾರಿಯ ತೋಳು ಮಡಚಿದ. ಚೌಡಯ್ಯ ಬೇಲಿಯಾಚೆಯಿಂದ, "ಏನ್ಲಾ ಒನ್ನಯ್ಯ, ಇಮಾನ ಅತ್ತಕೆ ಮೊದ್ಲು ಇದ ಕಲಸ್ಬೇಕಾ?" ಎಂದು ಕೇಳಿದ. ಹೊನ್ನಯ್ಯ ಅವನ ತಾಯಿಯನ್ನು ನೆನೆದು ಏನೋ ಗೊಣಗಿದ. ಜಗಲಿಯಲ್ಲಿ ದೇವಿರಮ್ಮ ಗೊರಕೆ ಹೊಡೆಯುತ್ತಿದ್ದಳು. ಮೊದಮೊದಲು ಅದು ನಾಟಕದ ಗೊರಕೆಯಾಗಿತ್ತು. ಮೂರೂವರೆಯ ಹೊತ್ತಿಗೆ ನಿಜವಾದದ್ದೇ ಆಗಿತ್ತು.

ಐದು ಗಂಟೆಗೆ ಅವಳೇ ಎದ್ದು ಮುಖ ತೊಳೆದು ಹಾಲು ಕರೆಯಲು ಹೊರಟಳು. ಶೋಭಿತಾ ಅವಳ ಫೋನ್ ನಂಬರ್ ಬರೆದುಕೊಂಡು, ಹೊನ್ನಯ್ಯನಿಗೆ ಕೇಳಿಸುವಂತೆ ಹೇಳಿದರು: "ಇನ್ನಾರು ತಿಂಗಳು ಯಾವತ್ತಾದರೂ ಈ ಸಮಯದಲ್ಲಿ ನಮ್ಮ ಆಫೀಸಿಂದ ಫೋನ್ ಬರಬಹುದು. ವಿಶ್ರಾಂತೀಲಿ ಇಲ್ಲ ಅಂದ್ರೆ ಉಳಿದ ನಲವತ್ತು ಮನೆ ನಿಂತುಹೋಗತ್ತೆ."

ಮರುದಿನ ಊಟವಾದ ಮೇಲೆ ಹೊನ್ನಯ್ಯ ಅಭ್ಯಾಸಬಲದಿಂದ ಜಗಲಿಯ ಮೇಲೆ ಉರುಳಿದ್ದ. ದೇವಿರಮ್ಮ ದಿಂಬು ಹಿಡಿದು ಬಂದಳು.

"ಮ್ಯಾಕೇಳಿ. ಮಾರಿರೋ ಟೈಮಿದು. ಗಿರಾಕಿ ಪೋನ್ ಮಾಡುದ್ರೆ ಏನ್ ಏಳನ?"

ಹೊನ್ನಯ್ಯ ನಲವತ್ತು ಮನೆಗಳನ್ನೂ ದೆಹಲಿಯನ್ನೂ ನೆನೆದು ಎದ್ದ. ರೂಪ ಸಗಣಿಯ ಬುಟ್ಟಿಗೆ ಕೈಹಾಕಲು ಹೋದಳು. "ನೀನ್ ಬುಡು ಮಗ. ವರ್ದೀಲಿ ಯಜಮಾನ್ರು ಅಂತ ಬರ್ದವ್ರೆ" ಎಂದು ದೇವಿರಮ್ಮ ಅವಳನ್ನೂ ಜಗಲಿಯ ಆ ತುದಿಯಲ್ಲಿ ಕೂರಿಸಿದಳು.

ಹದಿನೈದು ದಿನ ಫೋನು ಬರಲಿಲ್ಲ. ಹದಿನಾರನೆಯ ದಿನ ಮೂರು ಗಂಟೆಗೆ ದಿಂಬಿನ ಪಕ್ಕ ರಿಂಗಾಯಿತು. ದೇವಿರಮ್ಮ ಎತ್ತಿದಳು. ಒಂದು ಹೆಣ್ಣುದನಿ, ರೀಚಾರ್ಜ್ ಮುಗಿಯುತ್ತ ಬಂದಿದೆ, ಮುಂದುವರಿಸಲು ಒಂದನ್ನು ಒತ್ತಿ ಎನ್ನುತ್ತಿತ್ತು.

ಹಿತ್ತಿಲಿನಿಂದ ಹೊನ್ನಯ್ಯ, ಮೊಣಕೈವರೆಗೆ ಸಗಣಿ ಮೆತ್ತಿಕೊಂಡು, ಕತ್ತು ಚಾಚಿ ಪಿಸುಗುಟ್ಟಿದ: "ಯಾರಮ್ಮಿ? ಅವ್ರಾ?"

"ಊಂ, ಅವ್ರೇ" ಎಂದಳು ದೇವಿರಮ್ಮ. "ಗಂಟು ಇರ್ಬಾರ್ದಂತೆ, ಚೆನ್ನಾಗಿ ಕಲಸ್ಬೇಕಂತೆ."

ಫೋನನ್ನು ದಿಂಬಿನಡಿ ತಳ್ಳಿ, ಗೋಡೆಯ ಕಡೆ ಮಗ್ಗುಲಾದಳು.