ಕರಿಕಲ್ಲಿನ ಗೋಡೆಗೆ ಒಂದು ಡ್ರಿಲ್

ಅಂಕಲಿಯ ನಮ್ಮ ಮನೆಯ ಮುಂದಿನ ಕೋಣೆಗೆ ಪರದೆ ಹೊಲಿಸಿ ಮೂರು ತಿಂಗಳಾಗಿತ್ತು. ಪರದೆಗೆ ಕಂಬಿ ಬೇಕು, ಕಂಬಿಗೆ ಗೋಡೆಯಲ್ಲಿ ತೂತು ಬೇಕು, ತೂತು ಹಾಕುವ ಮನುಷ್ಯ ಮಾತ್ರ ಪ್ರತಿಸಲವೂ ನಾಳೆ ಬರುತ್ತೇನೆ ಅನ್ನುತ್ತಿದ್ದ. ಒಂದು ಭಾನುವಾರ ನನಗೆ ಸಿಟ್ಟು ನೆತ್ತಿಗೇರಿತು. "ನಡೀರಿ, ನಾವ ಒಂದ ಮಷಿನ್ ತಗೊಂಡ ಬರೂಣು" ಎಂದು ಯಜಮಾನರನ್ನು ಎಬ್ಬಿಸಿದೆ. ಮಿಕ್ಸರ್ ಸದ್ದಿಗೇ ಅಂಗಳಕ್ಕೆ ಹೋಗಿ ನಿಲ್ಲುವ ಮನುಷ್ಯ ಅವರು. ಆದರೂ ಬೈಕ್ ತೆಗೆದರು.

ನಿಪ್ಪಾಣಿಯ ಆ ಅಂಗಡಿಯಲ್ಲಿ ನಲ್ಲಿ, ಬೀಗ, ಬಣ್ಣದ ಡಬ್ಬಿಗಳ ನಡುವೆ ಡ್ರಿಲ್‌ಗಳಿಗೇ ಒಂದು ಗೋಡೆ ಮೀಸಲಿತ್ತು. ವೈರ್ ಇಲ್ಲದ, ಬ್ಯಾಟರಿಯಿಂದ ನಡೆಯುವ ಒಂದನ್ನು ಅಂಗಡಿಯವನು ಇಳಿಸಿ ನೇರವಾಗಿ ಯಜಮಾನರ ಕೈಗಿಟ್ಟ. "ಘ್ಯಾ ಸಾಹೇಬ, ತಗೋರಿ, ಹಿಡದ ನೋಡ್ರಿ." ಅವರು ಅದನ್ನು ಬಿಸಿ ಪಾತ್ರೆಯ ಹಾಗೆ ತಕ್ಷಣ ನನ್ನ ಕೈಗೆ ದಾಟಿಸಿದರು.

ನಾನು ಅದರ ಚಕ್ ತಿರುಗಿಸಿದೆ. ತೂತು ಕೊರೆಯುವ ಬಿಟ್ ಅನ್ನು ಕಚ್ಚಿ ಹಿಡಿಯುವ ಬಾಯಿ ಅದು. ಹಿಡಿತ ಚೆನ್ನಾಗಿತ್ತು. "ಉಲ್ಟಾ ತಿರುಗತೈತೇನ್ರಿ? ಗುಂಡಿ ಹಗೂರಕ ಒತ್ತಿದ್ರ ಹಗೂರಕ ತಿರುಗಬೇಕ ನೋಡ್ರಿ."

ಅಂಗಡಿಯವನು ಈಗ ನನ್ನ ಕಡೆ ತಿರುಗಿದ. "ಅಕ್ಕಾರ, ನೀವು ಏನ್ ಕೆಲಸ ಮಾಡ್ತೀರಿ?"

"ಚಿಕ್ಕೋಡ್ಯಾಗ ನರ್ಸ್ ಅದೀನ್ರಿ. ಆಪರೇಷನ್ ಖೋಲ್ಯಾಗ."

"ಅಲ್ಲಿ ಡ್ರಿಲ್ ಎದಕ್ಕರಿ?"

"ಎಲುಬಿಗಿ ತೂತ ಹಾಕಾಕ."

ಪಕ್ಕದಲ್ಲಿ ನಲ್ಲಿ ಆರಿಸುತ್ತಿದ್ದ ಗಿರಾಕಿಯೊಬ್ಬ ಮುಂದೆ ಚಾಚಿದ್ದ ತನ್ನ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

ಆ ಕ್ಷಣದಿಂದ ಅಂಗಡಿಯಲ್ಲಿ ನನ್ನ ಮಾತಿಗೆ ತೂಕ ಬಂತು. ಕೈಗೆ ಹಗುರವಾದ, ಪುಟ್ಟದೊಂದು ಡ್ರಿಲ್ ನನಗೆ ಇಷ್ಟವಾಗಿತ್ತು. ಅದನ್ನೇ ಕಟ್ಟಿಸಬೇಕು ಅನ್ನುವಾಗ ಅಂಗಡಿಯವನು ಒಂದೇ ಪ್ರಶ್ನೆ ಕೇಳಿದ: "ಗ್ವಾಡಿ ಯಾತರದ್ರಿ?"

ನಾನು ಯಜಮಾನರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿರುವ ಅವರಿಗೆ ಗೋಡೆಯ ಬಣ್ಣ ಮಾತ್ರ ಗೊತ್ತಿತ್ತು. ಕೊನೆಗೆ ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಯಾತರದು ಅಂದ್ರ? ಮುಂದಿನ ಖೋಲಿದು ಕರಿಕಲ್ಲು!" ಅತ್ತೆಯ ದನಿ ಅಂಗಡಿ ತುಂಬಿತು. "ನಾನ ತಲಿಮ್ಯಾಲ ಹೊತ್ತೀನಿ. ಅಡಗಿ ಮನಿದು ಇಟ್ಟಂಗಿ, ಬಚ್ಚಲದ್ದು ಅರ್ಧ ಮಣ್ಣ. ಕಿಡಕಿ ಮ್ಯಾಲಿಂದು ಸಿಮೆಂಟ್, ಒಳಗ ಸರಳ ಅದಾವ, ಅಲ್ಲಿ ಹೋಗಬ್ಯಾಡ್ರಿ. ಯಾಕ, ಮನಿ ಕೆಡವತೀರೇನು?"

"ಇಲ್ರಿ ಅತ್ತಿ, ಪರದೆ ಹಾಕಾಕ."

"ಹಂಗಾರ ಸರಿ." ಫೋನ್ ಇಟ್ಟರು.

ಅಂಗಡಿಯವನು ನಾನು ಮೆಚ್ಚಿದ ಪುಟ್ಟ ಡ್ರಿಲ್ ಅನ್ನು ಗೌರವದಿಂದ ಮರಳಿ ಗೋಡೆಗೆ ಹಾಕಿದ. ಕರಿಕಲ್ಲಿಗೆ ಬರೀ ತಿರುಗಿದರೆ ಸಾಲದು, ತಿರುಗುತ್ತಲೇ ಸುತ್ತಿಗೆಯ ಹಾಗೆ ಕುಟ್ಟುವ ಡ್ರಿಲ್ ಬೇಕಂತೆ. ಅಂಥವು ಎರಡಿದ್ದವು. ಪರದೆ ಕಂಬಿಯ ಕೆಲಸ ತಲೆಯ ಮೇಲೆ ನಡೆಯುವುದಲ್ಲವೇ? ನಾನು ಒಂದೊಂದನ್ನೇ ತಲೆಯ ಮೇಲೆತ್ತಿ ಹಿಡಿದು ಎಣಿಸತೊಡಗಿದೆ. ದೊಡ್ಡದನ್ನು ಹಿಡಿದಾಗ ಇಪ್ಪತ್ತಕ್ಕೇ ತೋಳು ನಡುಗಿತು. ಇನ್ನೊಂದನ್ನು ಹಿಡಿದು ಅರವತ್ತು ಮುಟ್ಟಿದೆ. ಕಾಲು ಹಿಂದಕ್ಕೆಳೆದುಕೊಂಡಿದ್ದ ಗಿರಾಕಿಯೂ ನನ್ನ ಜೊತೆ ಎಣಿಸಿದ. ಎರಡು ಬ್ಯಾಟರಿಯ ಸಮೇತ ಅದನ್ನೇ ತಂದೆವು.

ಮನೆಯಲ್ಲಿ ಸ್ಟೂಲ್ ಹತ್ತಿ ನಿಂತು ಬಿಟ್ ಅನ್ನು ಗೋಡೆಗೆ ಆನಿಸಿದೆ. ಅಂಗಡಿಯಲ್ಲಿ ಯಾರಿಗೂ ಹೇಳದಿದ್ದ ಒಂದು ಸತ್ಯವಿತ್ತು. ಹತ್ತು ವರ್ಷ ನಾನು ಡ್ರಿಲ್ ಅನ್ನು ತೊಳೆದಿದ್ದೆ, ಜೋಡಿಸಿದ್ದೆ, ಡಾಕ್ಟರ ಚಾಚಿದ ಕೈಗೆ ಸರಿಯಾಗಿ ಇಟ್ಟಿದ್ದೆ. ಒಂದು ಸಲವೂ ಗುಂಡಿ ಒತ್ತಿರಲಿಲ್ಲ.

ಒತ್ತಿದೆ. ಮನೆಯೇ ಗುಡುಗಿದಂತಾಯಿತು. ಯಜಮಾನರು ಕಿವಿ ಮುಚ್ಚಿಕೊಂಡರೂ ಇವತ್ತು ಅಂಗಳಕ್ಕೆ ಓಡಲಿಲ್ಲ, ಸ್ಟೂಲ್ ಹಿಡಿಯಬೇಕಿತ್ತಲ್ಲ. ಮೊಣಕೈಯಿಂದ ಅದನ್ನು ತಬ್ಬಿಕೊಂಡು ನಿಂತಿದ್ದರು. ಕಲ್ಲಿನ ಪುಡಿ ಉದುರತೊಡಗಿತು. ಬಿಟ್ ಕಾದಿರಬೇಕು ಅನಿಸಿದ್ದೇ ತಡ, ರೂಢಿಯಂತೆ ನನ್ನ ಬಾಯಿಂದ "ಸಲೈನ್!" ಎಂದು ಬಂತು. ಎಲುಬು ಬಿಸಿಯಾಗಬಾರದೆಂದು ಆಪರೇಷನ್‌ನಲ್ಲಿ ಬಿಟ್ ಮೇಲೆ ಸಲೈನ್ ಹನಿಸುತ್ತಿರುತ್ತೇವೆ.

"ಯಾರಿಗಿ?" ಯಜಮಾನರ ಮುಖ ಬಿಳಿಚಿತು. "ಪೆಟ್ಟ ಹತ್ತಿತೇನು?"

ನಾನು ನಗುತ್ತಲೇ ಆ ತೂತು ಮುಗಿಸಿ ಸ್ಟೂಲ್ ಮೇಲೆಯೇ ಕೂತುಬಿಟ್ಟೆ. ಇಷ್ಟು ಹೊತ್ತು ನೋಡುತ್ತಿದ್ದ ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿ ಬಂದರು. "ಇಳಿ ನೀ. ಇನ್ನೊಂದ ನಾ ಹಾಕತೀನಿ."

ನನ್ನ ಕೈಯಿಂದ ಡ್ರಿಲ್ ತೆಗೆದುಕೊಂಡು ಸ್ಟೂಲ್ ಹತ್ತಿದರು. ಅವರು ಗೋಡೆಯನ್ನು ಬೆರಳಿಂದ ತಟ್ಟಿದರು, ಎರಡು ಬೆರಳು ಈಚೆ ಸರಿದರು, ಗುಂಡಿ ಒತ್ತಿದರು. ತೂತು ಬೀಳುವವರೆಗೆ ಕಣ್ಣು ಮಿಟುಕಿಸಲಿಲ್ಲ. ಇಳಿದು ಬಂದು ಡ್ರಿಲ್ ಅನ್ನು ಮಗನ ಕೈಗಿಟ್ಟು, "ಚಲೋ ಐತಿ" ಅಂದರು.

ಸಂಜೆ ಪರದೆ ಏರಿತು. ಬಲಗಡೆ ಅರ್ಧ ಬೆರಳು ಇಳಿದಿದೆ. ಬಲಗಡೆಯದು ನನ್ನ ತೂತು. ಮನೆಗೆ ಬಂದವರು ಪರದೆಯ ಬಟ್ಟೆ ಚೆನ್ನಾಗಿದೆ ಅಂದಾಗಲೆಲ್ಲ ಅತ್ತೆ ಅವರನ್ನು ಎಡಗಡೆಗೇ ಕರೆದೊಯ್ದು ನಿಲ್ಲಿಸುತ್ತಾರೆ.